ಪಕ್ಕದ ದೇಶಕ್ಕೆ ಕೆಲಸ ಕೊಡೋದಾ, ಬೇಡ್ವಾ?

ಕ್ಲೇಮ್ಸ್_ಡೆಸ್ಕ್:
ಜರ್ಮನಿಯ ಒಂದು ಮಧ್ಯಮ ಗಾತ್ರದ ವಿಮಾ ಕಂಪನಿಯ ಆಪರೇಷನ್ಸ್‌ನಲ್ಲಿದ್ದೀನಿ. ಕ್ಲೇಮ್ ದಾಖಲೆಗಳ ಪರಿಶೀಲನೆ, ಜೊತೆಗೆ ಹಳೇ ಪಾಲಿಸಿ ಸಾಫ್ಟ್‌ವೇರ್‌ನ ಮೇಂಟೆನೆನ್ಸ್, ಎರಡನ್ನೂ ಪೋಲೆಂಡಿನ ಕ್ರಾಕೋವ್‌ನ ಒಂದು ಕಂಪನಿಗೆ ವಹಿಸೋ ಮಾತು ನಡೀತಿದೆ. ಮ್ಯಾನೇಜ್‌ಮೆಂಟ್ ತೋರಿಸಿದ ಸ್ಲೈಡಿನಲ್ಲಿ ಗಂಟೆಯ ದರ ಬಿಟ್ಟರೆ ಬೇರೇನೂ ಇಲ್ಲ. ಮುಂದಿನ ವಾರ ನನ್ನ ಅಭಿಪ್ರಾಯ ಕೇಳ್ತಾರೆ. ಏನೇನು ನೋಡಬೇಕು?

ರಾತ್ರಿಪಾಳಿ:
ಎರಡೂ ಕಡೆ ಗಡಿಯಾರ ಒಂದೇ, ಅದೇ ದೊಡ್ಡ ಲಾಭ. ಬೆಳಿಗ್ಗೆ ಎದ್ದ ಅನುಮಾನ ಮಧ್ಯಾಹ್ನದೊಳಗೆ ಬಗೆಹರಿಯುತ್ತೆ. ಇಬ್ಬರೂ ಐರೋಪ್ಯ ಒಕ್ಕೂಟದ (ಇಯು) ಒಳಗಿರೋದ್ರಿಂದ ಜಿಡಿಪಿಆರ್, ಅಂದ್ರೆ ಇಯು ಡೇಟಾ ರಕ್ಷಣೆ ಕಾನೂನಿನ ತಲೆನೋವೂ ಇಲ್ಲ. ಕೊಟ್ಟುಬಿಡಿ.

ಟ್ರಾನ್ಸಿಷನ್_ಹಳಬ:
ತಲೆನೋವು ಕಮ್ಮಿ ಅನ್ನಿ, ಇಲ್ಲವೇ ಇಲ್ಲ ಅನ್ನಬೇಡಿ. ಇಯು ಹೊರಗಿನ ಸರ್ಬಿಯಾಕ್ಕೆ ಡೇಟಾ ಕಳಿಸಿದ್ರೆ ಬೇಕಾಗೋ ಹೆಚ್ಚುವರಿ ಕಾಗದಪತ್ರ ಇಲ್ಲಿ ತಪ್ಪುತ್ತೆ, ಅಷ್ಟೇ. ನಿಮ್ಮ ಪರವಾಗಿ ಡೇಟಾ ನಿಭಾಯಿಸೋ ಕಂಪನಿ ಜೊತೆ ಜಿಡಿಪಿಆರ್‌ನ 28ನೇ ವಿಧಿಯ ಪ್ರೊಸೆಸರ್ ಒಪ್ಪಂದ ಆಗಲೇಬೇಕು.

ಈಗ ಆ ಸ್ಲೈಡು. ವಿಮೆಗೆ ವ್ಯಾಟ್ ವಿನಾಯಿತಿ ಇದೆಯಲ್ಲ, ಅದರ ಇನ್ನೊಂದು ಮುಖ ಏನಂದ್ರೆ ನೀವು ಖರೀದಿಗೆ ಕಟ್ಟಿದ ವ್ಯಾಟ್ ಬಹುಪಾಲು ವಾಪಸ್ ಬರಲ್ಲ. ಕ್ರಾಕೋವ್‌ನಿಂದ 100 ಯೂರೋ ಬಿಲ್ ಬಂದ್ರೆ ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟೋ ಪದ್ಧತಿ) ಜರ್ಮನಿಯ 19% ವ್ಯಾಟ್ ನೀವೇ ಕಟ್ಟಿ, ಖರ್ಚು 119 ಆಗುತ್ತೆ. ಸ್ವಂತ ನೌಕರರ ಸಂಬಳಕ್ಕೆ ಈ ಬಾಬ್ತು ಇಲ್ಲ. ‘ಕ್ಲೇಮ್ ಕೆಲಸಕ್ಕೂ ವಿನಾಯಿತಿ ಸಿಗುತ್ತೆ’ ಅಂತ ಯಾರಾದ್ರೂ ಅಂದ್ರೆ, 2016ರಲ್ಲಿ ಐರೋಪ್ಯ ನ್ಯಾಯಾಲಯ ಕೊಟ್ಟ ಆಸ್ಪಿರೋ ತೀರ್ಪು ಮುಂದಿಡಿ. ವಿಮಾ ಕಂಪನಿ ಪರವಾಗಿ ಹೊರಗಿನವರು ಮಾಡೋ ಕ್ಲೇಮ್ ಕೆಲಸಕ್ಕೆ ಆ ವಿನಾಯಿತಿ ಇಲ್ಲ ಅಂತ ಅದು ಹೇಳಿತು. ಆ ಪ್ರಕರಣವೂ ಪೋಲೆಂಡಿನದ್ದೇ!

ಸಾಫ್ಟ್‌ವೇರ್ ವಿಷಯದಲ್ಲಿ ನನ್ನ ಭಯವೇ ಬೇರೆ. ಅಲ್ಲಿ ಎಷ್ಟೋ ಡೆವಲಪರ್‌ಗಳು ನೌಕರರಲ್ಲ, ಬಿ2ಬಿ ಕಾಂಟ್ರಾಕ್ಟ್ ಮೇಲೆ, ಅಂದ್ರೆ ಸ್ವಂತ ವ್ಯವಹಾರದ ಹೆಸರಲ್ಲಿ ಬಿಲ್ ಕೊಟ್ಟು ಕೆಲಸ ಮಾಡ್ತಿರ್ತಾರೆ. ನೌಕರ ಬರೆದ ಕೋಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತಾನಾಗೇ ಅವನ ಕಂಪನಿಗೆ ಸೇರುತ್ತೆ. ಕಾಂಟ್ರಾಕ್ಟರ್ ಬರೆದದ್ದು ಲಿಖಿತವಾಗಿ, ಸಹಿ ಸಮೇತ ವರ್ಗಾವಣೆ ಆಗದೆ ಕೈಗೆ ಬರಲ್ಲ. ಇಮೇಲ್‌ನಲ್ಲಿ ಓಕೆ ಅಂದ್ರೆ ಸಾಲದು. ಹಾಗಾಗಿ ಕೋಡ್ ಬರೆಯೋರು ಯಾರು, ಯಾವ ಒಪ್ಪಂದದಡಿ ಅಂತ ಮೊದಲೇ ಕೇಳಿ. ಮೂರು ವರ್ಷ ದಾಟಿದ ಕಾಯಂ ನೌಕರ ಬಿಡಬೇಕಾದ್ರೆ 3 ತಿಂಗಳ ನೋಟಿಸ್ ಇರುತ್ತೆ. ಕಾಂಟ್ರಾಕ್ಟರ್‌ಗೆ ಒಪ್ಪಂದದಲ್ಲಿ ಬರೆದಷ್ಟೇ.

ಇನ್ನೊಂದು, ನಿಮ್ಮ ಹಳೇ ಪಾಲಿಸಿ ನಿಯಮಗಳು ಬರವಣಿಗೆಯಲ್ಲಿ ಇವೆಯಾ? ನಾನು ಕೆಲಸ ಮಾಡಿದ ಒಂದು ಕಡೆ, ಬೋನಸ್ ಲೆಕ್ಕದಲ್ಲಿ ಸೆಂಟ್‌ಗಳನ್ನ ಹೇಗೆ ರೌಂಡ್ ಮಾಡಬೇಕು ಅನ್ನೋದು ಒಬ್ಬರ ಎಕ್ಸೆಲ್ ಶೀಟಿನ ಕಾಮೆಂಟಿನಲ್ಲಿ ಮಾತ್ರ ಇತ್ತು. ಆಕೆ ನಿವೃತ್ತಿಗೆ ಹೊರಟು ನಿಂತಿದ್ರು. ಇಂಥದ್ದನ್ನ ಯಾವ ಟೆಂಡರ್ ದಾಖಲೆಯೂ ಹಿಡಿಯಲ್ಲ.

ನಾನಾದ್ರೆ ಎರಡು ಕೆಲಸವನ್ನ ಒಂದೇ ಗಂಟಿನಲ್ಲಿ ಕಟ್ಟಲ್ಲ. ಜರ್ಮನ್ ಚೆನ್ನಾಗಿ ಬಲ್ಲವರು ಅಲ್ಲಿದ್ರೆ ಕ್ಲೇಮ್ ದಾಖಲೆಗಳನ್ನ ಪ್ರಯೋಗಕ್ಕೆ ಕೊಡ್ತೀನಿ. ಸಾಫ್ಟ್‌ವೇರ್ ಸದ್ಯಕ್ಕೆ ಇಲ್ಲೇ ಇರಲಿ.

ಆಡಿಟ್_ಅಕ್ಕ:
ಡೋರಾ ಮರೆತ್ರಿ, ಹಣಕಾಸು ಸಂಸ್ಥೆಗಳ ಐಟಿ ಸುರಕ್ಷತೆಗೆ ಇರೋ ಇಯು ಕಾನೂನು. 2025ರ ಜನವರಿ 17ರಿಂದ ವಿಮಾ ಕಂಪನಿಗಳಿಗೂ ಅನ್ವಯ. ಐಟಿ ಒಪ್ಪಂದ ಆ ಕಾನೂನು ಕೇಳೋ ರಿಜಿಸ್ಟರಿಗೆ ಸೇರಬೇಕು, ಮುಖ್ಯ ವ್ಯವಸ್ಥೆಯಾದ್ರೆ ಆ ಒಪ್ಪಂದದಿಂದ ಹೊರಬರೋ ಯೋಜನೆಯೂ ಬೇಕು. ನೌಕರರ ಕೌನ್ಸಿಲ್ ಇದ್ರೆ ಅವರಿಗೂ ಮೊದಲೇ ತಿಳಿಸಿ. ಪತ್ರಿಕೆಯಲ್ಲಿ ಓದಿ ಗೊತ್ತಾದ್ರೆ ಮುಗೀತು.

ಕ್ಲೇಮ್ಸ್_ಡೆಸ್ಕ್:
ತುಂಬಾ ಥ್ಯಾಂಕ್ಸ್. 19% ವಿಷಯ ನಮ್ಮಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಕ್ರಾಕೋವ್‌ನಲ್ಲಿ ನಮ್ಮದೇ ಆಫೀಸ್ ತೆರೆದ್ರೆ ತಪ್ಪುತ್ತಾ?

ಟ್ರಾನ್ಸಿಷನ್_ಹಳಬ:
ಬ್ರಾಂಚ್ ಆದ್ರೆ ಕಾನೂನಿನ ಕಣ್ಣಲ್ಲಿ ಒಂದೇ ಕಂಪನಿ, ಸಾಮಾನ್ಯವಾಗಿ ವ್ಯಾಟ್ ಬರಲ್ಲ. ಸಬ್ಸಿಡಿಯರಿ, ಅಂದ್ರೆ ನಿಮ್ಮದೇ ಒಡೆತನದ ಪ್ರತ್ಯೇಕ ಕಂಪನಿ ಆದ್ರೆ ಬರುತ್ತೆ. ವ್ಯಾಟ್ ಗ್ರೂಪಿನಲ್ಲಿದ್ರೆ (ಹಲವು ಕಂಪನಿಗಳನ್ನ ವ್ಯಾಟ್‌ಗೆ ಒಂದೇ ಅಂತ ಲೆಕ್ಕ ಹಾಕೋ ಏರ್ಪಾಡು) ಲೆಕ್ಕ ಮತ್ತೆ ಬದಲಾಗುತ್ತೆ, ಟ್ಯಾಕ್ಸ್‌ನವರನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಮೀಟಿಂಗಿಗೆ ಹೋಗಿ.