ಬಟ್ಟಲು ತುಂಬಿದೆ, ಆದ್ರೂ ಫಿಂಚ್ ಸೊರಗುತ್ತಿದೆ. ಏನು ಹಾಕಬೇಕು?

ವಾಸ್ಕೋ_ಬಾಲ್ಕನಿ:
ನಮ್ಮದು ಗದಗ ಕಡೆ, ಈಗ ವಾಸ್ಕೋದಲ್ಲಿ ಇದ್ದೇವೆ. ಮಗಳ ಹಟಕ್ಕೆ ಒಂದು ಜೋಡಿ ಝೀಬ್ರಾ ಫಿಂಚ್ ತಂದು ಎರಡು ತಿಂಗಳಾಯಿತು. ಅಂಗಡಿಯವರು "ಎಲ್ಲ ಹಕ್ಕಿಗೂ ನಡೆಯುತ್ತೆ" ಅಂತ ಒಂದು ಮಿಕ್ಸ್ ಕೊಟ್ಟರು. ಅದರಲ್ಲಿರುವ ಸೂರ್ಯಕಾಂತಿ ಬೀಜವನ್ನು ಇವು ಮೂಸಿಯೂ ನೋಡಲ್ಲ. ಬಟ್ಟಲು ಮಾತ್ರ ಯಾವಾಗಲೂ ಮುಕ್ಕಾಲು ತುಂಬಿರುತ್ತದೆ. ಆದರೂ ಹೆಣ್ಣು ಹಕ್ಕಿಯ ಎದೆಮೂಳೆ ಬೆರಳಿಗೆ ಚುಚ್ಚುತ್ತದೆ. ಗೌಲ್ಡಿಯನ್ ಫಿಂಚ್ ಕೂಡ ತರೋಣ ಅಂತಿದ್ದೇವೆ. ಎಲ್ಲಕ್ಕೂ ಒಂದೇ ಕಾಳಾ?

ಮಡಗಾಂವ್_ಗೂಡು:
ಮೊದಲು ಬಟ್ಟಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಊದಿ. ಆಮೇಲೆ ಮಾತು.

ಫಿಂಚ್ ಕಾಳನ್ನು ನುಂಗಲ್ಲ, ಸುಲಿಯುತ್ತದೆ. ಸಿಪ್ಪೆ ಅಲ್ಲೇ ಬಟ್ಟಲಿಗೆ ಬೀಳುತ್ತದೆ. ನವಣೆಯ ಸಿಪ್ಪೆ ದೂರದಿಂದ ನವಣೆಯ ಹಾಗೇ ಕಾಣುತ್ತದೆ. ನನ್ನ ಮೊದಲ ಗಂಡು ಹಕ್ಕಿ ಸತ್ತದ್ದು ಹೀಗೇ. ಬೆರಳು ಹಾಕಿ ಕೆದಕಿದಾಗ ಎರಡು ಇಂಚು ಬರೀ ಹೊಟ್ಟು. ನಾನೇ ಉಪವಾಸ ಕೆಡವಿದ್ದೆ. ಆವತ್ತಿನಿಂದ ಬೆಳಗಿನ ಚಹಾಕ್ಕೆ ಮುಂಚೆ ಊದುವುದೇ ನನ್ನ ಪೂಜೆ.

ಸೂರ್ಯಕಾಂತಿ ಗಿಳಿಗಳ ಊಟ. ಝೀಬ್ರಾದ ಕೊಕ್ಕು ಅದನ್ನು ಒಡೆಯಲ್ಲ. ಅದು ಆಸ್ಟ್ರೇಲಿಯಾದ ಹುಲ್ಲುಬೀಜದ ಹಕ್ಕಿ. ನವಣೆ, ಬರಗು, ಸಾಮೆ ಕೊಡಿ. ಸೊಪ್ಪು ಸ್ವಲ್ಪ. ಮರಿ ಇದ್ದಾಗ ನೆನೆಸಿ ಮೊಳಕೆ ಬಂದ ಕಾಳು, ಬೇಯಿಸಿದ ಮೊಟ್ಟೆ. ಗೌಲ್ಡಿಯನ್ನಿಗೂ ಹುಲ್ಲುಬೀಜವೇ. ಅದರ ಊರಲ್ಲಿ ಕಾಡುಜೋಳ ತಿನ್ನುತ್ತದೆ, ಅಂದರೆ ನಿಮ್ಮ ರೊಟ್ಟಿ ಜೋಳದ ದಾಯಾದಿ. ಮೊಟ್ಟೆ ಇಡುವ ಹೆಣ್ಣಿಗೆ ಸುಣ್ಣದಂಶ ಬೇಕು. ಕಟಲ್‌ಫಿಶ್ ಅನ್ನೋ ಕಡಲಜೀವಿಯ ಮೂಳೆ ನಮ್ಮ ಬೀಚಲ್ಲೇ ಬಿದ್ದಿರುತ್ತದೆ. ಉಪ್ಪು ಹೋಗುವ ಹಾಗೆ ದಿನಕ್ಕೊಮ್ಮೆ ನೀರು ಬದಲಿಸಿ ನೆನೆಸಿ, ಒಣಗಿಸಿ ಪಂಜರಕ್ಕೆ ಸಿಕ್ಕಿಸಿ. ಮಳೆಗಾಲದಲ್ಲಿ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಸ್ವಲ್ಪ ಸ್ವಲ್ಪವೇ ತನ್ನಿ.

ಹಕ್ಕಿ ಗರಿ ಉಬ್ಬಿಸಿ ಕೂತಿದ್ದರೆ ಮಾತ್ರ ಇವತ್ತೇ ವೈದ್ಯರಿಗೆ ತೋರಿಸಿ.

ನೆಗ್ಗಿಲು_ಮುಳ್ಳು:
ಕೊಕ್ಕು ನೋಡಿ ಕಾಳು ಅನ್ನುವುದು ಸರಿ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲೊಂದಾದ ಡಾಫ್ನೆ ಮೇಜರ್‌ನಲ್ಲಿ 1977ರಲ್ಲಿ ಬರ ಬಿತ್ತು. ಸಣ್ಣ ಬೀಜ ಖಾಲಿಯಾಯಿತು. ನಮ್ಮ ನೆಗ್ಗಿಲಿನ ಜಾತಿಯ ಗಟ್ಟಿ ಮುಳ್ಳುಕಾಯಿ ಉಳಿಯಿತು. ಅದನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಫಿಂಚ್‌ಗಳು ಜಾಸ್ತಿ ಬದುಕಿದವು. ವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಅಲ್ಲಿನ ಫಿಂಚ್‌ಗಳನ್ನು ವರ್ಷಗಟ್ಟಲೆ ಅಳೆದರು. ಅದೇ ದ್ವೀಪಗಳಲ್ಲಿ ಕಳ್ಳಿಮುಳ್ಳು ಹಿಡಿದು ಹುಳ ಕೆದಕುವ ಫಿಂಚ್ ಇದೆ, ಕಡಲಹಕ್ಕಿಯನ್ನು ಕುಕ್ಕಿ ರಕ್ತ ಕುಡಿಯುವುದೂ ಇದೆ!

ಇನ್ನೊಂದು. ಅಮೆರಿಕದ ಗೋಲ್ಡ್‌ಫಿಂಚ್‌ಗೆ ಜನ ಸಣ್ಣ ತೂತಿನ ಕೊಳವೆಯಲ್ಲಿ ತುಂಬಿ ನೇತುಹಾಕುವುದು ನಮ್ಮ ಗುರೆಳ್ಳು, ಹುಚ್ಚೆಳ್ಳು ಅಂತೀರಲ್ಲ, ಅದೇ. ಅಲ್ಲಿ ಮೊಳೆಯದ ಹಾಗೆ ಬಿಸಿ ಮಾಡಿ ಮಾರುತ್ತಾರೆ. ಎಣ್ಣೆ ಜಾಸ್ತಿ, ಝೀಬ್ರಾಕ್ಕೆ ಚಿಟಿಕೆ ಸಾಕು.

ಅಂಗಡಿಯಲ್ಲಿ ಯಾರಾದರೂ ಕೆಂಪು ಮುನಿಯ ಕೊಟ್ಟರೆ ಬೇಡ ಅನ್ನಿ. ಅದು ನಮ್ಮ ಕಾಡುಹಕ್ಕಿ, ಸಾಕುವುದು ಕಾನೂನಿಗೆ ವಿರುದ್ಧ.

ವಾಸ್ಕೋ_ಬಾಲ್ಕನಿ:
ಊದಿದೆ. ಹೊಟ್ಟು ಪಕ್ಕದ ಮನೆಯ ಒಣಗಿದ ಬಟ್ಟೆಯ ಮೇಲೆಲ್ಲ ಹಾರಿತು. ಬಟ್ಟಲಲ್ಲಿ ಉಳಿದದ್ದು ಸೂರ್ಯಕಾಂತಿ ಮತ್ತು ಎಣಿಸಿದರೆ ಹನ್ನೊಂದು ನವಣೆ ಕಾಳು. ತಕ್ಷಣ ಮನೆಯಲ್ಲಿದ್ದ ನವಣೆ ಹಾಕಿದೆ. ಹೆಣ್ಣು ಹಕ್ಕಿ ಹತ್ತು ನಿಮಿಷ ತಲೆ ಎತ್ತಲಿಲ್ಲ. ಸಂಜೆ ವೈದ್ಯರಿಗೂ ತೋರಿಸುತ್ತೇನೆ. ಗುರೆಳ್ಳು ಇದೆ, ಆದರೆ ಅಮ್ಮ ಅದನ್ನು ಆಗಲೇ ಚಟ್ನಿಪುಡಿ ಮಾಡಿಟ್ಟಿದ್ದಾರೆ.

ಮಡಗಾಂವ್_ಗೂಡು:
ಅದು ನಿಮಗೆ. ಉಪ್ಪು ಖಾರ ಹಕ್ಕಿಗೆ ಬೇಡ.