ಟೇಬಲ್ ಸಾಗೆ ಹೊಸ ಫೆನ್ಸ್: ಮಷಿನ್ ಮೇಸ್ತ್ರಿ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಮಷಿನ್ ಮೇಸ್ತ್ರಿ ನಮ್ಮ ಗ್ರೂಪಿಗೆ ಟೈಮ್ ಕೊಟ್ಟಿದಾರೆ. ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕಾರ್ಖಾನೆ ಮುಚ್ಚಿದ ಮೇಲೆ ದಾವಣಗೆರೆಯಲ್ಲಿ ಮರಗೆಲಸದ ಮಷಿನ್ ರಿಪೇರಿ ಮಾಡ್ತಾ ಬಂದಿದಾರೆ. ವಿಷಯ ಒಂದೇ. ಟೇಬಲ್ ಸಾದಲ್ಲಿ, ಅಂದ್ರೆ ಮೇಜಿನ ನಡುವೆ ಗರಗಸದ ಚಕ್ರ ತಿರುಗೋ ಮಷಿನ್ನಲ್ಲಿ, ಮರ ಸೀಳುವಾಗ ಆನಿಸಿ ತಳ್ಳೋ ಗೈಡು, ಅಂದ್ರೆ ರಿಪ್ ಫೆನ್ಸ್, ಕೆಟ್ಟರೆ ಬದಲಿಗೆ ಯಾವುದು ಹಾಕಬೇಕು. ಕೇಳಿದ್ದನ್ನೇ ಕೇಳಬೇಡಿ, ಫಾರ್ವರ್ಡ್ ಹಾಕಬೇಡಿ.

ಪಿ.ಜೆ. ಬಡಾವಣೆ ಇಂಟೀರಿಯರ್: ನಮಸ್ಕಾರ ರೀ ಮೇಸ್ತ್ರಿ. 10 ಇಂಚಿನ ಸಾ, ಬೀಡಿನ (ಎರಕದ ಕಬ್ಬಿಣದ) ಟೇಬಲ್. ಜೊತೆಗೆ ಬಂದ ಫೆನ್ಸ್ ಮುಂದೆ-ಹಿಂದೆ ಎರಡೂ ಕಡೆ ಲಾಕ್ ಆಗುತ್ತೆ. ಲಾಕ್ ಒತ್ತಿದ ಕೂಡಲೇ ಹಿಂದಿನ ತುದಿ ಸರೀತದೆ. ಪ್ರತಿ ಸಲ ಟೇಪ್ ಹಿಡಿದು ಎರಡೂ ತುದಿ ಅಳೀಬೇಕು. ದಿನಾ ಪ್ಲೈ, ವಾರ್ಡ್‌ರೋಬ್ ಕೆಲಸ. ಯಾವುದು ಹಾಕ್ಲಿ?

ಮಷಿನ್ ಮೇಸ್ತ್ರಿ: ನಮಸ್ಕಾರ. ನಿಮ್ಮದು ಬೀಡಿನ ಟೇಬಲ್ ಆದ್ದರಿಂದ ಟಿ-ಸ್ಕ್ವೇರ್ ನಮೂನೆ ಹಾಕ್ರಿ. ಅಮೆರಿಕದ ಬೀಸ್‌ಮೇಯರ್ ಅನ್ನೋರು ತಂದದ್ದು, ಈಗ ತುಂಬಾ ಕಂಪನಿಯವರು ಅದನ್ನೇ ನೋಡಿ ಮಾಡ್ತಾರೆ. ಇಂಗ್ಲಿಷ್ ಟಿ ಅಕ್ಷರದಂಗೆ ಇರುತ್ತೆ. ಅಡ್ಡ ತಲೆ ಟೇಬಲ್ಲಿನ ಮುಂದಿನ ರೈಲನ್ನ (ಫೆನ್ಸ್ ಸರಿಯೋ ಪಟ್ಟಿನ) ತಬ್ಬಿಕೊಂಡು ಅಲ್ಲೇ ಲಾಕ್ ಆಗುತ್ತೆ, ಹಿಂದೆ ಲಾಕೇ ಇಲ್ಲ. ಹಿಂದೆ ಲಾಕ್ ಇಲ್ಲ ಅಂದ್ರೆ ಹಿಂದೆ ಎಳೆಯೋದೂ ಇಲ್ಲ. ತಲೆಯೊಳಗೆ ಎರಡು ಅಲೆನ್ ಸ್ಕ್ರೂ ಇರ್ತಾವೆ, ಅವನ್ನ ತಿರುಗಿಸಿ ಬ್ಲೇಡಿಗೆ ಸಮ ಮಾಡಿಕೊಂಡರೆ ಆಯ್ತು.

ಅಂಗಡಿಯಲ್ಲಿ ಬರೀ ಕಣ್ಣಲ್ಲಿ ನೋಡಿ ತಗೋಬೇಡಿ. ಒಂದೇ ಅಳತೆಗೆ ತಂದು ಐದು ಸಲ ಲಾಕ್ ಮಾಡಿ ಬಿಚ್ಚಿ. ಐದು ಸಲವೂ ಅದೇ ಜಾಗಕ್ಕೆ ಕೂರಬೇಕು. ಆಮೇಲೆ ಲಾಕ್ ಇದ್ದಾಗಲೇ ಹಿಂದಿನ ತುದಿಯನ್ನ ಅಂಗೈಲಿ ಪಕ್ಕಕ್ಕೆ ಒತ್ತಿ. ಒತ್ತಿದಾಗ ಕೂದಲೆಳೆ ಬಳುಕಿದರೂ ಬಿಟ್ಟ ಕೂಡಲೇ ವಾಪಸ್ ಬರಬೇಕು. ವಾಪಸ್ ಬರದೆ ಅಲ್ಲೇ ನಿಂತರೆ ಅದು ಬೇಡ. ಮೂಲೆಮಟ್ಟ ಇಟ್ಟು ಫೆನ್ಸಿನ ಮುಖ ಟೇಬಲ್ಲಿಗೆ ನೆಟ್ಟಗಿದೆಯಾ ನೋಡ್ರಿ. ಸ್ಟೀಲ್ ಸ್ಕೇಲ್ ಆನಿಸಿ ಹಿಂದಿನಿಂದ ಟಾರ್ಚ್ ಹಿಡೀರಿ, ನಡುವೆ ಬೆಳಕು ಸೋರಿದರೆ ಮುಖ ಡೊಂಕು.

ಪ್ಲೈ ಶೀಟ್ ಅಗಲ 1220 ಮಿಲಿ, ನಡುವೆ ಸೀಳಬೇಕಾದರೆ ಫೆನ್ಸ್ ಬ್ಲೇಡಿಂದ 610 ಮಿಲಿ ದೂರ ಹೋಗಬೇಕು. ರೈಲು ಕೊಳ್ಳುವಾಗ ಈ ಅಳತೆ ಮರೀಬೇಡಿ. ಅದಕ್ಕಿಂತ ಉದ್ದದ್ದು ಅಂಗಡಿಯೊಳಗೆ ಓಡಾಡೋ ಜಾಗ ಇದ್ದರೆ ಮಾತ್ರ.

ದುರ್ಗದ ಬಡಗಿ: ಮೇಸ್ತ್ರಿ ಯಾವ ಕಂಪನಿ ಬೆಸ್ಟ್ ಹೇಳಿ ಸಾಕು.

ಮಷಿನ್ ಮೇಸ್ತ್ರಿ: ಕಂಪನಿ ಹೆಸರು ಹೇಳಲ್ಲ. ಮೇಲೆ ಪರೀಕ್ಷೆ ಮಾಡೋದು ಬರೆದಿದೀನಿ, ಪಾಸಾದದ್ದು ಬೆಸ್ಟ್.

ಹೊಳಲ್ಕೆರೆ ಹುಡುಗ: ಅಣ್ಣಾ, ನಂದು ಊರಲ್ಲೇ ವೆಲ್ಡ್ ಮಾಡಿಸಿದ ಟೇಬಲ್, 10 ಇಂಚು ಬ್ಲೇಡ್. ಫೆನ್ಸ್ ಅಂದ್ರೆ ಒಂದು ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ), ಎರಡು ಸಿ-ಕ್ಲ್ಯಾಂಪ್. ಸ್ವಲ್ಪ ದಿನದಿಂದ ಮರ ಸೀಳಿದರೆ ಅಂಚು ಕಪ್ಪಗೆ ಸುಡುತ್ತೆ. ಮೊನ್ನೆ ಶುಕ್ರವಾರ ನೀಲಗಿರಿ ರೀಪು ಸೀಳ್ತಿದ್ದೆ, ಪಟ್ಟಿ ಎದ್ದು ಬಂದು ಹೊಟ್ಟೆಗೆ ಬಡೀತು. ಇನ್ನೂ ನೋವೈತೆ. ಬ್ಲೇಡ್ ಹಿಂದೆ ಇದ್ದ ತಗಡು ಅಡ್ಡ ಬರುತ್ತೆ ಅಂತ ಮೊದಲೇ ತೆಗೆದಿದ್ದೆ. ಒಳ್ಳೆ ಫೆನ್ಸ್ ಹಾಕಿದ್ರೆ ಸರಿ ಹೋಗುತ್ತಾ?

ಜಗಳೂರು ಸದಸ್ಯ: ನಾನು ಎಡಗೈಯವನು. ಫೆನ್ಸ್ ಬ್ಲೇಡಿನ ಎಡಕ್ಕೆ ಹಾಕಿಸಬಹುದಾ ಸಾರ್?

ಮಷಿನ್ ಮೇಸ್ತ್ರಿ: ಹೊಳಲ್ಕೆರೆ ತಮ್ಮಾ, ಫೆನ್ಸ್ ಮಾತು ಆಮೇಲೆ. ಶುಕ್ರವಾರ ಬಿದ್ದ ಪೆಟ್ಟು ಭಾನುವಾರವೂ ನೋಯ್ತಿದೆ ಅಂದ್ರೆ ಈಗಲೇ ಆಸ್ಪತ್ರೆಗೆ ಹೋಗು. ಬೆಳಗಿನವರೆಗೂ ಕಾಯಬೇಡ. ಹೊರಗೆ ಗಾಯ ಕಾಣದಿದ್ರೂ ಹೊಟ್ಟೆಯೊಳಗೆ ಪೆಟ್ಟಾಗಿರಬಹುದು. ಏನು ಬಡಿದದ್ದು, ಎಲ್ಲಿ ಬಡಿದದ್ದು ಅಂತ ಡಾಕ್ಟರಿಗೆ ಬಿಡಿಸಿ ಹೇಳು, ಸ್ಕ್ಯಾನ್ ಬೇಕಾ ಅಂತ ಅವರು ನೋಡ್ತಾರೆ.

ಈಗ ಯಾಕೆ ಹಿಂಗಾಯ್ತು ಕೇಳು. ಬ್ಲೇಡಿನ ಮುಂದಿನ ಹಲ್ಲು ಮೇಲಿಂದ ಕೆಳಕ್ಕೆ ಇಳೀತವೆ, ಮರವನ್ನ ಟೇಬಲ್ಲಿಗೆ ಒತ್ತುತ್ತವೆ. ಹಿಂದಿನ ಹಲ್ಲು ಕೆಳಗಿಂದ ಮೇಲಕ್ಕೆ ಏಳ್ತವೆ. ಸೀಳಿದ ಮರ ಹಿಂದಿನ ಹಲ್ಲಿಗೆ ತಾಗಿದರೆ ಅವು ಮರವನ್ನ ಎತ್ತಿ ನಿನ್ನ ಕಡೆಗೇ ಎಸೀತವೆ. 10 ಇಂಚಿನ ಬ್ಲೇಡು 2,880 ಆರ್‌ಪಿಎಂ ಮೋಟಾರಿಗೆ ನೇರವಾಗಿ ಕೂತಿದ್ರೂ ಹಲ್ಲಿನ ವೇಗ ಗಂಟೆಗೆ 138 ಕಿಲೋಮೀಟರ್ ಹತ್ರ. ಆ ವೇಗಕ್ಕೆ ಕೈ ಅಡ್ಡ ತರೋಕೆ ಯಾರಿಗೂ ಆಗಲ್ಲ.

ಮರ ಹಿಂದಿನ ಹಲ್ಲಿಗೆ ಯಾಕೆ ತಾಗುತ್ತೆ? ಒಂದು, ಫೆನ್ಸಿನ ಹಿಂದಿನ ತುದಿ ಬ್ಲೇಡ್ ಕಡೆ ವಾಲಿದ್ರೆ. ಮುಂದೆ ಅಗಲ, ಹಿಂದೆ ಕಿರಿದು, ಮರಕ್ಕೆ ಹೋಗೋಕೆ ಜಾಗ ಇಲ್ಲ, ಹಲ್ಲಿಗೆ ಉಜ್ಜುತ್ತೆ, ಸುಡುತ್ತೆ. ನಿನ್ನ ಮರದ ಕಪ್ಪು ಅಂಚು ಇದನ್ನೇ ಹೇಳ್ತಿದೆ ಅಂತ ನನಗೆ ಅನುಮಾನ. ಬ್ಲೇಡ್ ಮೊಂಡಾಗಿದ್ರೂ ಸುಡುತ್ತೆ ನಿಜ, ಆದ್ರೆ ಮರ ಎದ್ದು ಬಂದಿದೆ, ಅದಕ್ಕೇ ಫೆನ್ಸ್ ಮೊದಲು ನೋಡಬೇಕು. ಎರಡು, ನೀಲಗಿರಿ. ಬೆಳೆಯುವಾಗಲೇ ಆ ಮರದೊಳಗೆ ಬಿಗಿ ತುಂಬಿರುತ್ತೆ. ಸೀಳಿದ ತಕ್ಷಣ ಎರಡು ಹೋಳು ಹಾವಿನಂಗೆ ಬಾಗಿ ಒಂದೋ ಅಗಲಕ್ಕೆ ತೆರೀತವೆ, ಇಲ್ಲಾ ಬ್ಲೇಡನ್ನೇ ಹಿಡ್ಕೊಳ್ತವೆ.

ನೀನು ತೆಗೆದ ತಗಡು ಇದಕ್ಕೇ ಇರೋದು. ಸೀಳು ಮುಚ್ಚದಂಗೆ ಹಿಡಿದಿರುತ್ತೆ, ಮರ ಹಿಂದಿನ ಹಲ್ಲಿಗೆ ತಾಗದಂಗೆ ಕಾಯುತ್ತೆ. ಹಲ್ಲಿಂದ 3ರಿಂದ 8 ಮಿಲಿ ದೂರ ಇರಬೇಕು. ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲು ಕೊರೆಯೋ ಸೀಳಿಗಿಂತ ತೆಳು. ತಟ್ಟೆ 2.2, ಸೀಳು 3.2 ಆದ್ರೆ ತಗಡು 2.5 ಹಾಕಬಹುದು. ಅಡ್ಡ ಬರ್ತಿತ್ತು ಅಂದ್ಯಲ್ಲ, ಬ್ಲೇಡಿನ ಸಾಲಿಗೆ ಸರಿಯಾಗಿ ಕೂತಿರಲಿಲ್ಲ, ಅದಕ್ಕೇ ಅಡ್ಡ ಬಂತು. ಸಾಲಿಗೆ ತಂದು ಕೂರಿಸಬೇಕಿತ್ತು.

ಇನ್ನು ಫೆನ್ಸ್. ದಿನಾ ಹಸಿ-ಬಿಸಿ ರೀಪು ಸೀಳೋನಿಗೆ ಪ್ಲೈ ಕೆಲಸದವರ ಉದ್ದ ಫೆನ್ಸ್ ಬೇಡ. ಫೆನ್ಸಿನ ಮುಖಕ್ಕೆ ಒಂದು ನೇರವಾದ ಹಲಗೆ ಕಟ್ಟು. ಆ ಹಲಗೆ ಹಲ್ಲು ಮರಕ್ಕೆ ಇಳಿಯೋ ಜಾಗ ದಾಟಿ ಒಂದಿಂಚಿಗೆ ಮುಗೀಬೇಕು. ಅಲ್ಲಿಂದ ಹಿಂದಕ್ಕೆ ಖಾಲಿ. ಸೀಳಿದ ಹೋಳು ಬಾಗಿದ್ರೂ ಆ ಖಾಲಿ ಕಡೆ ಹೋಗುತ್ತೆ, ಬ್ಲೇಡಿಗೆ ಒತ್ತಲ್ಲ. ಯುರೋಪಿನ ಕಾರ್ಖಾನೆಗಳಲ್ಲಿ ಪ್ಲೈ ಅಲ್ಲದ ಇಡೀ ಮರಕ್ಕೆ ಹಿಂಗೇ ಗಿಡ್ಡ ಫೆನ್ಸ್ ಇಡ್ತಾರೆ. ಕೊನೆಯ ಗೇಣು ಮರ ಕೈಲಿ ತಳ್ಳಬೇಡ, ತಳ್ಳುಗೋಲು ಮಾಡ್ಕೋ. ಬ್ಲೇಡಿನ ನೇರಕ್ಕೆ ನಿಲ್ಲಬೇಡ, ಎಡಕ್ಕೆ ಸರಿದು ನಿಂತ್ಕೋ.

ಚಳ್ಳಕೆರೆ ಬಾಗಿಲು ಕೆಲಸ: ತಮ್ಮಾ, ಹೊಟ್ಟೆಗೆ ಅರಿಶಿನ ಎಣ್ಣೆ ಬಿಸಿ ಮಾಡಿ ಪಟ್ಟು ಹಾಕು, ಬೆಳಿಗ್ಗೆ ಹೊತ್ತಿಗೆ ನೋವು ಮಾಯ. ಫೆನ್ಸಿಗೆ ಇದೂ ಬಂದಿದೆ ನೋಡಿ, ಫಾರ್ವರ್ಡ್: *ಮರ ಕುಣಿಯುತ್ತಿದೆಯೇ? ಫೆನ್ಸಿನ ಹಿಂದಿನ ತುದಿಯನ್ನು ಬ್ಲೇಡ್ ಕಡೆಗೆ ಅರ್ಧ ನೂಲು ತಿರುಗಿಸಿ, ಮರ ಬಿಗಿಯಾಗಿ ಕೂರುತ್ತದೆ. ಫೆನ್ಸಿಗೆ ಶೇಂಗಾ ಎಣ್ಣೆ ಸವರಿ, ಸುಡುವುದು ನಿಲ್ಲುತ್ತದೆ. ಎಲ್ಲಾ ಬಡಗಿ ಬಂಧುಗಳಿಗೂ ತಲುಪಿಸಿ.*

ಮಷಿನ್ ಮೇಸ್ತ್ರಿ: ಇದನ್ನ ಈಗಲೇ ಅಳಿಸಿ. ಆ ಹುಡುಗನ ಹೊಟ್ಟೆಗೆ ಬಡಿದದ್ದೇ ಹಿಂದಿನ ತುದಿ ವಾಲಿದ್ದಕ್ಕೆ ಅಂತ ಇಷ್ಟುದ್ದ ಬರೆದಿದೀನಿ, ಅದರ ಕೆಳಗೇ ವಾಲಿಸಿ ಅಂತ ಹಾಕ್ತೀರಲ್ಲ. ಅರ್ಧ ನೂಲು ಅಂದ್ರೆ ಒಂದೂವರೆ ಮಿಲಿ. ಓದಿದವರು ಯಾರಾದ್ರೂ ಬೆಳಿಗ್ಗೆ ಎದ್ದು ತಿರುಗಿಸಿದ್ರೆ? ಎಣ್ಣೆ ಮರಕ್ಕೆ ಇಳಿದರೆ ಪಾಲಿಷ್ ಹಿಡಿಯಲ್ಲ. ಜಾರಬೇಕು ಅಂದ್ರೆ ಫೆನ್ಸಿಗೆ ಮೇಣ ಉಜ್ಜಿ ಬಟ್ಟೆಲಿ ಒರೆಸಿ. ಅರಿಶಿನದ ಪಟ್ಟು ಒಳಗಿನ ಪೆಟ್ಟಿಗಲ್ಲ. ತಮ್ಮಾ, ಆಸ್ಪತ್ರೆ.

ಚಳ್ಳಕೆರೆ ಬಾಗಿಲು ಕೆಲಸ: ಒಳ್ಳೇದಾಗ್ಲಿ ಅಂತ ಹಾಕಿದ್ದು. ಬಯ್ಯೋದು ಯಾಕೆ.

ಹಿರಿಯೂರು ಆಚಾರಿ: ಮೇಸ್ತ್ರಿ ಹೇಳಿದ್ದು ಸರಿ ಐತೆ. ನಮ್ಮ ತಂದೆ ಹಿಂದಿನ ತುದಿನ ಬ್ಲೇಡಿಂದ ಆಚೆಗೆ ಕೂದಲೆಳೆ ಬಿಡ್ತಿದ್ರು. ಈಗಲೂ ಹಂಗೇ ಮಾಡ್ತೀನಿ.

ದುರ್ಗದ ಬಡಗಿ: ಆಚೆಗೆ ಯಾಕೆ ಬಿಡಬೇಕು? ಸಮ ಅಂದ್ರೆ ಸಮ. ಆಚೆಗೆ ಬಿಟ್ಟರೆ ಮರ ಫೆನ್ಸ್ ಬಿಟ್ಟು ಅಲೀತದೆ, ಅಂಚಲ್ಲಿ ಹಲ್ಲಿನ ಗೆರೆ ಬೀಳ್ತವೆ.

ಹಿರಿಯೂರು ಆಚಾರಿ: ನಲವತ್ತು ವರ್ಷದಿಂದ ಮಾಡ್ತಿದೀವಿ, ನಮಗೆ ಗೆರೆ ಬಿದ್ದಿಲ್ಲ. ನೀವು ಎಷ್ಟು ಬಾಗಿಲು ಮಾಡಿದೀರಿ?

ದುರ್ಗದ ಬಡಗಿ: ಬಾಗಿಲು ಎಣಿಸಿದರೆ ಫೆನ್ಸ್ ನೇರ ಆಗಲ್ಲ ಆಚಾರ್ರೆ.

ಮಷಿನ್ ಮೇಸ್ತ್ರಿ: ಇಬ್ಬರೂ ಮಾಡಬಹುದು. ಸಮ ಇರಲಿ, ಇಲ್ಲಾ ಹಿಂದೆ ಮಿಲಿಯ ಹತ್ತನೇ ಒಂದು ಪಾಲಿನಷ್ಟು ಆಚೆ ಇರಲಿ. ಒಳಗೆ ಮಾತ್ರ ಬರಬಾರದು. ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿಗಳು) ತಂದು ಅಳೀರಿ.

ಕೆ.ಟಿ.ಜೆ. ನಗರ ಮಾಡ್ಯುಲರ್: ಸನ್‌ಮೈಕಾ ಶೀಟ್ ಕಟ್ ಮಾಡುವಾಗ ಫೆನ್ಸ್ ಅಡಿಗೆ ನುಗ್ಗುತ್ತೆ, ಶೀಟ್ ಸೊಟ್ಟ ಆಗುತ್ತೆ. ಹೊಸ ಫೆನ್ಸ್ ತಗೊಂಡ್ರೆ ಈ ತೊಂದರೆ ತಪ್ಪುತ್ತಾ?

ಮಷಿನ್ ಮೇಸ್ತ್ರಿ: ತಪ್ಪಲ್ಲ. ಟಿ-ಸ್ಕ್ವೇರ್ ಫೆನ್ಸ್ ಟೇಬಲ್ಲಿಗೆ ಉಜ್ಜದಂಗೆ ಸ್ವಲ್ಪ ಎತ್ತರದಲ್ಲೇ ಇರುತ್ತೆ, 1 ಮಿಲಿ ಶೀಟ್ ನುಗ್ಗುತ್ತೆ. ಟೇಬಲ್ ಮುಟ್ಟೋ ಹಂಗೆ ಒಂದು ಪ್ಲೈ ಪಟ್ಟಿ ಫೆನ್ಸಿನ ಮುಖಕ್ಕೆ ಕ್ಲ್ಯಾಂಪ್ ಮಾಡಿ. ಮುಖದಲ್ಲಿ ಬೋಲ್ಟ್ ಕೂರೋ ಕಾಲುವೆ ಇರೋ ಅಲ್ಯುಮಿನಿಯಂ ಫೆನ್ಸ್ ಆದರೆ ಇಂಥ ಪಟ್ಟಿ ಕಟ್ಟೋದು ಸಲೀಸು.

ಸೈಟ್ ಕೆಲಸ, ಹರಪನಹಳ್ಳಿ ರಸ್ತೆ: ನನ್ನದು ಡಿವಾಲ್ಟ್ 7491, ಸೈಟಿಂದ ಸೈಟಿಗೆ ಒಯ್ತೀನಿ. ಇದಕ್ಕೂ ಟಿ-ಸ್ಕ್ವೇರ್ ಹಾಕಿಸಬಹುದಾ?

ಮಷಿನ್ ಮೇಸ್ತ್ರಿ: ಬೇಡ. ಅದರಲ್ಲಿ ಮುಂದೆ-ಹಿಂದೆ ಎರಡೂ ರೈಲು ಹಲ್ಲಿನ ಪಟ್ಟಿ ಮೇಲೆ ಒಟ್ಟಿಗೆ ಸರೀತವೆ, 825 ಮಿಲಿವರೆಗೆ ಹೋಗುತ್ತೆ. ಕಬ್ಬಿಣದ ಭಾರ ತಡೆಯೋ ಟೇಬಲ್ ಅಲ್ಲ ಅದು. ರೈಲಿನ ಆ ಪಟ್ಟಿಯ ಹಲ್ಲಿನಲ್ಲಿ ಕೂತ ಹೊಟ್ಟು ಬ್ರಷ್‌ನಲ್ಲಿ ತೆಗೀರಿ.

ಹರಿಹರ ವೆಲ್ಡರ್: ಸಾವಿರಗಟ್ಟಲೆ ಕೊಟ್ಟು ಯಾಕೆ ತರಿಸ್ತೀರಿ? 3 ಇಂಚು-2 ಇಂಚು ಟ್ಯೂಬ್, ಒಂದು ಆಂಗ್ಲರ್, ಟಾಗಲ್ ಕ್ಲ್ಯಾಂಪ್ ತನ್ನಿ. ಅರ್ಧ ದಿನದಲ್ಲಿ ಟಿ-ಸ್ಕ್ವೇರ್ ಮಾಡಿಕೊಡ್ತೀನಿ.

ಪಿ.ಜೆ. ಬಡಾವಣೆ ಇಂಟೀರಿಯರ್: ವೆಲ್ಡಿಂಗ್ ಕಾವಿಗೆ ಟ್ಯೂಬ್ ಬಾಗುತ್ತೆ. ನಿಮ್ಮ ಹತ್ರ ಮಾಡಿಸಿದ ಕಟಿಂಗ್ ಟೇಬಲ್ ಈಗಲೂ ಮೂರೇ ಕಾಲಲ್ಲಿ ನಿಂತಿದೆ.

ಹರಿಹರ ವೆಲ್ಡರ್: ಆ ಟೇಬಲ್ಲಿನ ಬಾಕಿ ಕೊಟ್ಟು ಆಮೇಲೆ ಕಾಲಿನ ಮಾತು ಆಡ್ರಿ.

ಪಿ.ಜೆ. ಬಡಾವಣೆ ಇಂಟೀರಿಯರ್: ಸರಿ ಮಾಡಿಕೊಡಿ, ಕೊಡ್ತೀನಿ. ಎರಡು ಸಲ ಬರ್ತೀನಿ ಅಂದ್ರಿ, ಬಂದ್ರಾ?

ಹರಿಹರ ವೆಲ್ಡರ್: ಯಾವ ಮುಖ ಇಟ್ಕೊಂಡು ಗ್ರೂಪಲ್ಲಿ ಕೇಳ್ತೀರಿ?

ಅಡ್ಮಿನ್: ಇಬ್ಬರೂ ಫೋನಲ್ಲಿ ಮಾತಾಡ್ಕೊಳ್ಳಿ. ಇಲ್ಲಿ ಬೇಡ.

ಮಷಿನ್ ಮೇಸ್ತ್ರಿ: ಮನೆಯಲ್ಲೇ ಮಾಡಿಸೋದು ತಪ್ಪಲ್ಲ, ಚೆನ್ನಾಗಿ ಮಾಡಿದವರನ್ನ ನೋಡಿದೀನಿ. ಟ್ಯೂಬ್ ಕೊಳ್ಳುವಾಗ ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿ ನೆಟ್ಟಗಿರೋದನ್ನೇ ಆರಿಸ್ರಿ. ತಲೆ ಮತ್ತು ಟ್ಯೂಬ್ ಸೇರೋ ಕಡೆ ವೆಲ್ಡ್ ಬೇಡ, ಬೋಲ್ಟ್ ಹಾಕ್ರಿ. ತೂತು ಸ್ವಲ್ಪ ಉದ್ದ ಕೊರೆದರೆ ಮೂಲೆಮಟ್ಟ ಹಿಡಿದು ಸರಿ ಮಾಡ್ಕೊಂಡು ಬಿಗೀಬಹುದು. ಮುಖಕ್ಕೆ 18 ಮಿಲಿ ಪ್ಲೈ ಕಟ್ಟಿ, ಟ್ಯೂಬ್ ಎಲ್ಲಿ ಡೊಂಕೋ ಅಲ್ಲಿ ಹಿಂದೆ ಕಾಗದ ಮಡಚಿಟ್ಟು ನೇರ ಮಾಡ್ರಿ.

ದುರ್ಗದ ಬಡಗಿ: ಎಲ್ಲಾ ಸರಿ ಮೇಸ್ತ್ರಿ, ಆದ್ರೂ ಒಂದು ಕಂಪನಿ ಹೆಸರು?

ಮಷಿನ್ ಮೇಸ್ತ್ರಿ: ಮೇಲೆ ಓದಿ.

ಬಾಡಾ ಕ್ರಾಸ್ ಫರ್ನಿಚರ್: ಟಿ-ಸ್ಕ್ವೇರ್ ಒಳ್ಳೇದಾ, ಎರಡು ಕಡೆ ಲಾಕ್ ಆಗೋದು ಒಳ್ಳೇದಾ?

ಮಷಿನ್ ಮೇಸ್ತ್ರಿ: ಮೇಲೆ ಓದಿ ಅಂದೆ.

ಬಾಡಾ ಕ್ರಾಸ್ ಫರ್ನಿಚರ್: ಕೇಳೋದಕ್ಕೇ ತಾನೆ ಗ್ರೂಪ್ ಇರೋದು. ಎರಡು ಸಾಲು ಬರೆಯೋಕೆ ಏನು ಕಷ್ಟ.

ಮಷಿನ್ ಮೇಸ್ತ್ರಿ: ಕೈಯಲ್ಲಿ ಗ್ರೀಸ್ ಮೆತ್ಕೊಂಡು ಒಂದು ಬೆರಳಲ್ಲಿ ಬರೀತಿದೀನಿ. ಬರೆದದ್ದನ್ನ ಓದದೆ ಮತ್ತೆ ಅದನ್ನೇ ಕೇಳಿದರೆ ಏನು ಮಾಡಲಿ.

ಜಗಳೂರು ಸದಸ್ಯ: ಸಾರ್, ಎಡಗಡೆ ಫೆನ್ಸ್ ಕೇಳಿದ್ದೆ.

ಹಿರಿಯೂರು ಆಚಾರಿ: ಅಡ್ಡ ಕೊಯ್ಯುವಾಗ ಮೈಟರ್ ಗೇಜ್ (ಮರ ಅಡ್ಡ ಹಿಡಿದು ತಳ್ಳೋ ಗೈಡು) ಜೊತೆ ಫೆನ್ಸಿಗೂ ಮರ ಆನಿಸಿದ್ರೆ ಅಳತೆ ಒಂದೇ ಬರುತ್ತೆ, ಎಲ್ಲರೂ ಮಾಡಿ ನೋಡಿ.

ಮಷಿನ್ ಮೇಸ್ತ್ರಿ: ಯಾರೂ ಮಾಡಿ ನೋಡಬೇಡಿ! ಆಚಾರ್ರೆ, ನಿಮ್ಮಂಥ ಹಿರಿಯರು ಬರೆದರೆ ಹುಡುಗರು ನಂಬ್ತಾರೆ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ತಿರುಗಿಕೊಂಡು ಎದೆಗೆ ಬರುತ್ತೆ. ಅಳತೆ ಒಂದೇ ಬೇಕು ಅಂದ್ರೆ ಬ್ಲೇಡಿಗಿಂತ ಸಾಕಷ್ಟು ಮುಂಚೆ ಫೆನ್ಸಿಗೆ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ. ಅಳತೆ ಅದಕ್ಕೆ ಆನಿಸಿ ಹಿಡೀರಿ. ಬ್ಲೇಡ್ ತಲುಪೋ ಹೊತ್ತಿಗೆ ಮರಕ್ಕೂ ಫೆನ್ಸಿಗೂ ಜಾಗ ಇರಬೇಕು.

ಹಿರಿಯೂರು ಆಚಾರಿ: ನನಗೆ ಇವತ್ತಿನವರೆಗೂ ಏನೂ ಆಗಿಲ್ಲ.

ಮಷಿನ್ ಮೇಸ್ತ್ರಿ: ಆಗೋದು ಬೇಡ ಅಂತಲೇ ಹೇಳಿದ್ದು. ಹೊಳಲ್ಕೆರೆ ತಮ್ಮಾ, ಎಲ್ಲಿದೀಯ? ಆಸ್ಪತ್ರೆಗೆ ಹೋದ್ಯಾ?

ಹೊಳಲ್ಕೆರೆ ಹುಡುಗ: ಆಸ್ಪತ್ರೆಲೇ ಇದೀನಿ ಅಣ್ಣಾ. ಡಾಕ್ಟರ್ ನೋಡಿದ್ರು, ಬೆಳಿಗ್ಗೆ ಸ್ಕ್ಯಾನ್ ಮಾಡ್ತಾರಂತೆ, ರಾತ್ರಿ ಇಲ್ಲೇ ಇರು ಅಂದ್ರು. ಅಂಗಡಿಲಿ ನನ್ನ ತಮ್ಮ ಇದಾನೆ. ನಾಳೆ ರೀಪು ಕೊಡಬೇಕು, ಅವನು ಸೀಳ್ತೀನಿ ಅಂತಿದಾನೆ.

ಮಷಿನ್ ಮೇಸ್ತ್ರಿ: ಸೀಳೋದು ಬೇಡ. ಅವನಿಗೆ ಫೋನ್ ಮಾಡು. ಮೊದಲು ಪ್ಲಗ್ ಕಿತ್ತು ಕೈಯಲ್ಲಿ ಹಿಡ್ಕೊಳ್ಳಲಿ. ಬ್ಲೇಡ್ ಪೂರ್ತಿ ಮೇಲಕ್ಕೆತ್ತಿ ಒಂದು ಹಲ್ಲಿಗೆ ಮಾರ್ಕರ್ ಹಚ್ಚಲಿ. ಆ ಹಲ್ಲನ್ನ ಮುಂದೆ ತಂದು ಅಲ್ಲಿಂದ ಫೆನ್ಸಿಗೆ ಸ್ಟೀಲ್ ಸ್ಕೇಲಲ್ಲಿ ಅಳೀಲಿ. ಅದೇ ಹಲ್ಲನ್ನ ಕೈಲಿ ಹಿಂದಕ್ಕೆ ತಿರುಗಿಸಿ ಮತ್ತೆ ಅಳೀಲಿ. ಬೇರೆ ಹಲ್ಲು ಬೇಡ, ಬ್ಲೇಡ್ ಸ್ವಲ್ಪ ಓಲಾಡ್ತಿದ್ರೆ ಅಳತೆ ತಪ್ಪುತ್ತೆ. ಫೋಟೋ ಬೇಡ ನನಗೆ, ಎರಡು ಅಳತೆ ಸಾಕು.

ಬಾಡಾ ಕ್ರಾಸ್ ಫರ್ನಿಚರ್: ಟಿ-ಸ್ಕ್ವೇರ್ ಬೆಲೆ ಎಷ್ಟಾಗುತ್ತೆ ಯಾರಾದ್ರೂ ಹೇಳಿ.

ಹೊಳಲ್ಕೆರೆ ಹುಡುಗ: ಅಣ್ಣಾ, ತಮ್ಮ ಅಳೆದ. ಮುಂದೆ 50. ಹಿಂದೆ 48ವರೆ.

ಮಷಿನ್ ಮೇಸ್ತ್ರಿ: ಒಂದೂವರೆ ಮಿಲಿ ಒಳಗೆ ವಾಲಿದೆ. ಆ ಪ್ಲಗ್ ಹಾಗೇ ಕಿತ್ತಿರಲಿ. ರೀಪು ತಗೊಳ್ಳೋರಿಗೆ ಎರಡು ದಿನ ತಡ ಅಂತ ಹೇಳು, ಬೇಕಾದ್ರೆ ಅವರ ನಂಬರ್ ಕೊಡು, ನಾನೇ ಮಾತಾಡ್ತೀನಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊಳಲ್ಕೆರೆಗೆ ಬರ್ತೀನಿ. ತೆಗೆದಿಟ್ಟ ತಗಡು ಎಲ್ಲಿದೆ ಅಂತ ತಮ್ಮನಿಗೆ ಹುಡುಕಿ ಇಟ್ಟಿರೋಕೆ ಹೇಳು.