ಗುಡ್ಡ ಕುಸಿದರೆ ನಾವು ರೆಡಿನಾ, ಸಿಸ್ಟರ್ಸ್?

ಪ್ರಶ್ನೆ (ಸ್ಟಾಫ್ ನರ್ಸ್, ಕೊಡಗು):
2018ರ ಆಗಸ್ಟ್ ಭೂಕುಸಿತ ಕಂಡ ಸೀನಿಯರ್‌ಗಳೆಲ್ಲ ವರ್ಗವಾಗಿ ಹೋದ್ರು. ಐವಿ (ಡ್ರಿಪ್) ಹಾಕೋದು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತೋದು) ನಂಗೆ ಸಲೀಸು. ಆದ್ರೆ ಒಟ್ಟಿಗೆ ನಲವತ್ತು ಜನ ಬಂದ್ರೆ ಯಾರನ್ನ ಮೊದಲು ನೋಡೋದು? ನಮ್ಮಲ್ಲಿ ಮಾಕ್ ಡ್ರಿಲ್ ಅಂದ್ರೆ ಫೋಟೊ, ಆಮೇಲೆ ಟೀ. ನಿಮ್ಮ ಕಡೆ?

ಉತ್ತರ 1:
ಯಾರನ್ನ ಮೊದಲು ನೋಡ್ಬೇಕು ಅಂತ ಬಣ್ಣದ ಟ್ಯಾಗ್ ಕಟ್ಟಿ ವಿಂಗಡಿಸ್ಬೇಕು. ನಡೆಯೋಕಾಗೋರಿಗೆಲ್ಲ ಹಸಿರು ಟ್ಯಾಗ್ (ಕಾಯಬಹುದು), ಪಕ್ಕಕ್ಕೆ ಕಳ್ಸಿ. ಉಳಿದ ದೊಡ್ಡವರಲ್ಲಿ ಉಸಿರಾಟ ನಿಮಿಷಕ್ಕೆ 30 ದಾಟಿದ್ರೆ ಕೆಂಪು (ತಕ್ಷಣ ನೋಡ್ಬೇಕು). ಕಿರುಚೋರ ಹತ್ರ ಓಡ್ಬೇಡಿ, ಸದ್ದಿಲ್ಲದೆ ಬಿದ್ದಿರೋರನ್ನ ನೋಡಿ.

ಉತ್ತರ 2:
ಅದೆಲ್ಲ ಸರಿ ಕಣ್ರೀ. ಉಸಿರಿನ ದಾರಿ ಬಿಡಿಸಿ, ಉಸಿರು ಕೊಟ್ಟು ನೋಡಿದ್ರೂ ಉಸಿರಾಡದ ಮಗುಗೆ ಕಪ್ಪು ಟ್ಯಾಗ್ (ಉಳಿಸೋಕಾಗಲ್ಲ) ಕಟ್ಟಿ, ಅಮ್ಮನ ಎದುರೇ ಮುಂದಿನವರ ಹತ್ರ ಹೋಗೋದನ್ನ ಯಾವ ಟ್ರೇನಿಂಗ್ ಕಲಿಸುತ್ತೆ?

ಪ್ರಶ್ನೆ ಕೇಳಿದವರು:
ನಂಗೂ ಅದೇ ಭಯ ಅಕ್ಕ. ಸ್ಟೋರಲ್ಲಿ ಟ್ಯಾಗೇ ಇಲ್ಲ. ನಾಳೆ ಹಸಿರು, ಹಳದಿ, ಕೆಂಪು, ಕಪ್ಪು, ನಾಲ್ಕು ಬಣ್ಣದ ರಿಬ್ಬನ್ ತರ್ತೀನಿ, ನೈಟ್ ಡ್ಯೂಟಿಯವರ ಜೊತೆ ಒಂದ್ಸಲ ಮಾಡಿ ನೋಡ್ತೀವಿ.